ಇಷ್ಟು ಲಗೂನೇ ಮುಗೀತಾ?

ಹೋದ ಅಮಾಸಿಗೆ ಊರಿಗೆ ಹೋಗಿದ್ದೆ. ಬೆಂಗಳೂರಲ್ಲಿ ರಾತ್ರಿ ಸ್ಲೀಪರ್ ಹತ್ತಿದರೆ ಬೆಳಿಗ್ಗೆ ಹುಮನಾಬಾದ್ ಬಸ್‌ಸ್ಟ್ಯಾಂಡು. ಅಲ್ಲಿ ಒಂದು ಚಾ ಕುಡಿದು ಕಲ್ಯಾಣದ ಬಸ್ಸು ಹಿಡಿಯಬೇಕು. (ನಮ್ಮ ಕಡೆ ಬಸವಕಲ್ಯಾಣ ಅಂತ ಪೂರ್ತಿ ಹೆಸರು ಹೇಳುವವರು ಕಮ್ಮಿ, ಬರೀ ಕಲ್ಯಾಣ.) ನಡುವೆ ಒಂದು ಕ್ರಾಸಿನಲ್ಲಿ ಇಳಿದು, ಹೆದ್ದಾರಿ ಬಿಟ್ಟು ನಾಲ್ಕು ಕಿಲೋಮೀಟರ್ ಒಳಗೆ ಹೋದರೆ ನಮ್ಮೂರು. ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ಬಿಡಿ.

ಅವತ್ತು ರಾತ್ರಿ ಮಠದಲ್ಲಿ ಭಜನಿ ಇತ್ತು. ನಮ್ಮ ಕಾಕಾ ಆ ಮೇಳದ ಮುಂದಿನ ಹಾಡುಗಾರ. ಏಕತಾರಿ ಒಂದು, ಪೇಟಿ ಒಂದು, ಡಗ್ಗಾ, ನಾಲ್ಕು ಜೋಡಿ ತಾಳ. ಕೇಳಲಿಕ್ಕೆ ಹನ್ನೆರಡು ಜನ, ಅದರಲ್ಲಿ ಇಬ್ಬರು ಗ್ವಾಡಿಗೆ ಒರಗಿ ನಿದ್ದೆ. ಹನ್ನೊಂದು ದಾಟಿದ ಮೇಲೆ ಕಾಕಾ ಶಿಶುನಾಳ ಶರೀಫರ ಗುಡುಗುಡಿಯ ಪದ ಎತ್ತಿಕೊಂಡ. ನಾನು ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಪಕ್ಕಕ್ಕಿಟ್ಟೆ. ಪದ ಮುಗಿದಾಗ ನೋಡಿದರೆ ನಲವತ್ನಾಲ್ಕು ನಿಮಿಷ.

ಈ ಹಾಡು ನನಗೆ ಕಾಕಾನಿಂದ ಬಂದದ್ದಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಇದು ಬಂದದ್ದು ರಘು ದೀಕ್ಷಿತ್‌ರಿಂದ. 2008ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ನಾನು ಬಿಟಿಎಂ ಲೇಔಟಿನ ಒಂದು ಪಿ.ಜಿ.ಯಲ್ಲಿ ಮೂರು ಜನರ ರೂಮಿನಲ್ಲಿದ್ದೆ. ರೂಮ್‌ಮೇಟ್ ಒಬ್ಬ ಸಿ.ಡಿ. ತಂದ. ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್ ಮಾಡಿ ಹೊರತಂದ ಸಿ.ಡಿ. ಅದು. ಹಿಂದಿ ಹಾಡು, ಒಂದು ಇಂಗ್ಲಿಷ್ ಹಾಡು, ನಡುವೆ ಇದ್ದಕ್ಕಿದ್ದಂತೆ ಕನ್ನಡ. ಗಿಟಾರು, ವಯೊಲಿನ್, ಡ್ರಮ್ಮು, ಮೇಲೆ ಆ ತುಂಬು ದನಿ. ಚಿಕ್ಕಂದಿನಲ್ಲಿ ಅಮಾಸಿ ರಾತ್ರಿ ನಿದ್ದೆ ಕೆಡಿಸುತ್ತಿದ್ದ ಅದೇ ಮಾತುಗಳು! ಮೂರೂ ಜನ ಮಂಚದ ಮೇಲೆ ನಿಂತು ಕುಣಿದೆವು. ಒಬ್ಬ ಕೊಯಮತ್ತೂರಿನವ, ಇನ್ನೊಬ್ಬ ಕಾನ್ಪುರದವ. ಅರ್ಥ ಕೇಳಿದರು. ನನಗೂ ಗೊತ್ತಿರಲಿಲ್ಲ. ಹುಕ್ಕಾದ ಹಾಡು ಅಂತ ಹೇಳಿದೆ. ಅವರಿಗೆ ಇನ್ನೂ ಖುಷಿಯಾಯಿತು.

ಎಷ್ಟೋ ವರ್ಷ ಆಯಿತು. ಈಗ ಆ ಆಲ್ಬಂ ಬಗ್ಗೆ, 2013ರಲ್ಲಿ ಬಂದ 'ಜಗ್ ಚಂಗಾ' ಬಗ್ಗೆ, ಒಟ್ಟಾರೆ ರಘು ದೀಕ್ಷಿತ್ ಅನ್ನುವ ಪಯಣದ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಅಭಿಮಾನಿಗಳು ಬೈಯಬಹುದು. ನಾನೂ ಅಭಿಮಾನಿಯೇ ಅನ್ನುವುದನ್ನು ನೆನಪಿಟ್ಟುಕೊಂಡು ಬೈಯಿರಿ.

ಮೊದಲು ಪಯಣ. ಹುಟ್ಟಿದ್ದು ನಾಸಿಕ್, ಬೆಳೆದದ್ದು ಮೈಸೂರು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ, ಜೊತೆಗೆ ಭರತನಾಟ್ಯ. ಗಿಟಾರು ತಾನೇ ಕಲಿತದ್ದು. 'ಅಂತರಾಗ್ನಿ' ಅನ್ನುವ ಬ್ಯಾಂಡು ಕಟ್ಟಿದ್ದು, ಆಮೇಲೆ ತನ್ನ ಹೆಸರಿನದೇ 'ಪ್ರಾಜೆಕ್ಟ್' ಶುರುಮಾಡಿದ್ದು. 2008ರಲ್ಲೇ 'ಸೈಕೋ' ಸಿನಿಮಾದ ಮಾದೇಶ್ವರನ ಹಾಡು ಆಟೋದಿಂದ ಹಿಡಿದು ಗಣಪತಿ ಪೆಂಡಾಲಿನವರೆಗೆ ಎಲ್ಲ ಕಡೆ ಕೇಳಿಸಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ. 2011ರಲ್ಲಿ ಗ್ಲಾಸ್ಟನ್‌ಬರಿ, ಅದೇ ವರ್ಷ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಮೈಸೂರು ಮನುಷ್ಯ, ಕೆಸರಿನಲ್ಲಿ ಬೂಟು ಹಾಕಿಕೊಂಡು ನಿಂತ ಬಿಳಿಯರ ಹತ್ತಿರ ಶರೀಫರ ಪದ ಹಾಡಿಸಿದ. ಕನ್ನಡದಲ್ಲಿ ಹಾಡುವ ಯಾವ ಬ್ಯಾಂಡಿಗೂ ಇದಕ್ಕೆ ಮುಂಚೆ ಇಷ್ಟು ದೂರ ಹೋಗಲಾಗಿರಲಿಲ್ಲ. ಇದನ್ನು ಸಣ್ಣದು ಅಂದರೆ ಅದು ಹೊಟ್ಟೆಕಿಚ್ಚು.

ಬ್ರಿಟನ್ನಿನಲ್ಲಿ ಈ ಸಂಗೀತವನ್ನು ಯಾವ ಕಪಾಟಿನಲ್ಲಿ ಇಡಬೇಕು ಅಂತ ಗೊತ್ತಾಗದೆ ಫೋಕ್ ರಾಕ್ ಅಂದರು, ವರ್ಲ್ಡ್ ಮ್ಯೂಸಿಕ್ ಅಂದರು. ಇಲ್ಲಿನ ನನ್ನ ಕೆಲವು ಗೆಳೆಯರು ಒಂದು ಹೆಜ್ಜೆ ಮುಂದೆ ಹೋಗಿ 'ಸೈಕೆಡೆಲಿಕ್ ಫೋಕ್' ಅನ್ನುತ್ತಾರೆ. ಹುಕ್ಕಾ, ಕೋತಿಯನ್ನು ನುಂಗುವ ಕೋಳಿ, ಬಣ್ಣಬಣ್ಣದ ಅಂಗಿ, ಇನ್ನೇನು ಬೇಕು ಅಂತ. ನನ್ನ ತಕರಾರು ಶುರುವಾಗುವುದು ಇಲ್ಲೇ. ಆ ಹೆಸರು ಹಾಡುಗಳಿಗೆ ಸರಿಯಾಗಿ ಒಪ್ಪುತ್ತದೆ. ರಘು ದೀಕ್ಷಿತ್ ಅವನ್ನು ಹಾಡುವ ರೀತಿಗೆ ಒಪ್ಪುವುದಿಲ್ಲ.

ಸೈಕೆಡೆಲಿಕ್ ಅಂದರೆ ಏನು? ಐವತ್ತರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ ಎರಡು ಗ್ರೀಕ್ ಪದ ಕೂಡಿಸಿ ಮಾಡಿದ ಶಬ್ದ. ಮನಸ್ಸನ್ನು ಕಾಣಿಸುವುದು ಅಂತ ಅರ್ಥ. (ಎಂಟುನೂರು ಚಿಲ್ಲರೆ ವರ್ಷದ ಹಿಂದೆ ನಮ್ಮ ಕಲ್ಯಾಣದಲ್ಲಿ ಕೂತು ಚಾಲುಕ್ಯರ ಮೂರನೇ ಸೋಮೇಶ್ವರ ಬರೆಸಿದ ಗ್ರಂಥದ ಹೆಸರು 'ಮಾನಸೋಲ್ಲಾಸ'. ಹಾಡು, ವಾದ್ಯ, ಕುಣಿತ, ಅಡುಗೆ ಎಲ್ಲ ಅದರಲ್ಲಿವೆ. ಆ ಹೆಸರಲ್ಲಿ ಒಂದು ಸೈಕೆಡೆಲಿಕ್ ಬ್ಯಾಂಡು ಇನ್ನೂ ಯಾಕೆ ಬಂದಿಲ್ಲವೋ!) ಅರವತ್ತರ ದಶಕದಲ್ಲಿ ಅದು ಸಂಗೀತಕ್ಕೆ ಬಂತು. 1966ರಲ್ಲಿ ಬೀಟಲ್ಸ್ 'ರಿವಾಲ್ವರ್' ಆಲ್ಬಂನ ಕೊನೆಯ ಹಾಡಿನಲ್ಲಿ ತಂಬೂರಿಯ ಶ್ರುತಿ ಇಟ್ಟುಕೊಂಡು, ಹೆಚ್ಚುಕಮ್ಮಿ ಒಂದೇ ಕಾರ್ಡಿನ ಮೇಲೆ ಇಡೀ ಹಾಡು ನಿಲ್ಲಿಸಿದರು. ಸ್ಕಾಟ್ಲೆಂಡಿನ 'ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್' 1967, 68ರಲ್ಲಿ ಮಾಡಿದ ಎರಡು ಆಲ್ಬಂ ಕೇಳಿ. ಹಳ್ಳಿ ಹಾಡಿನ ಮೈ, ಆದರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹಾಡುವವರಿಗೂ ಗೊತ್ತಿಲ್ಲವೇನೋ ಅನ್ನಿಸುತ್ತದೆ. ಈ ಎಲ್ಲದರ ಗುಟ್ಟು ಮಾತ್ರೆಯಲ್ಲಿ ಇರಲಿಲ್ಲ, ವಾದ್ಯದಲ್ಲೂ ಇರಲಿಲ್ಲ. ಎರಡು ಸಂಗತಿಗಳಲ್ಲಿತ್ತು: ಕದಲದ ಶ್ರುತಿ, ಮತ್ತೆ ಕೇಳುವವನ ಗಡಿಯಾರ ಕೆಡುವಷ್ಟು ಪುನರಾವರ್ತನೆ.

ಇವೆರಡೂ ನಮ್ಮ ಕಾಕಾನ ಹತ್ತಿರ ಇವೆ. ಏಕತಾರಿ ಅಂದರೆ ಹೆಸರೇ ಹೇಳುವಂತೆ ಒಂದೇ ತಂತಿ. ಅದಕ್ಕೆ ಕಾರ್ಡು ಬದಲಿಸುವ ಪ್ರಶ್ನೆಯೇ ಇಲ್ಲ. ಅದು ರಾತ್ರಿಯಿಡೀ ಒಂದೇ ಮಾತು ಹೇಳುತ್ತಿರುತ್ತದೆ. ಕಾಕಾ ಒಂದು ಸಾಲು ಹೇಳುತ್ತಾನೆ, ಮೇಳ ಅದನ್ನು ತಿರುಗಿ ಹೇಳುತ್ತದೆ, ಮತ್ತೆ ಕಾಕಾ, ಮತ್ತೆ ಮೇಳ. ಆರೇಳು ಸಲಕ್ಕೆ ಬೇಜಾರಾಗುತ್ತದೆ. ಸುಳ್ಳು ಹೇಳುವುದಿಲ್ಲ, ನಾನು ಮೊಬೈಲು ತೆಗೆದು ಮೇಲ್ ನೋಡಿದೆ. ಹದಿನೈದನೇ ಸಲಕ್ಕೆ ಏನೋ ಆಗುತ್ತದೆ. ಶಬ್ದದಿಂದ ಅರ್ಥ ಕಳಚಿ ಬೀಳುತ್ತದೆ, ಬರೀ ನಾದ ಉಳಿಯುತ್ತದೆ. ಇಪ್ಪತ್ತನೇ ಸಲಕ್ಕೆ ಅದೇ ಅರ್ಥ ಬೇರೆ ಬಾಗಿಲಿಂದ ಒಳಗೆ ಬರುತ್ತದೆ. ಆಮೇಲೆ ಕಾಕಾ ದಾರಿ ಬಿಡುತ್ತಾನೆ. ಶರೀಫರ ಪದದ ನಡುವೆ ಕಡಕೋಳ ಮಡಿವಾಳಪ್ಪನವರ ಒಂದು ಮಾತು, ಅದರ ಬೆನ್ನಿಗೆ ಒಂದು ಮರಾಠಿ ಅಭಂಗದ ತುಣುಕು, ದಖನಿಯಲ್ಲಿ ಎರಡು ಸಾಲು, ತಿರುಗಿ ಬಂದು ಗುಡುಗುಡಿಗೆ. ಡಗ್ಗಾ ಯಾವಾಗ ಚುರುಕಾಯಿತು ಗೊತ್ತಾಗುವುದಿಲ್ಲ. ಕಡೆಗೆ ಒಮ್ಮೆಲೇ ನಿಲ್ಲುತ್ತದೆ. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಯಾರೋ ಒಬ್ಬರು, "ಚಾ ತರ್ರಿ" ಅನ್ನುತ್ತಾರೆ.

ಈಗ ಅದೇ ಗುಡುಗುಡಿ ಪದವನ್ನು ಮಾತಿನ ಮಟ್ಟದಲ್ಲಿ ನೋಡಿ. ಶರೀಫರು (1819–1889) ಹುಕ್ಕಾ ಸೇದು ಅಂತ ಕರೆಯುತ್ತಾರೆ. ಆದರೆ ಆ ಹುಕ್ಕಾದ ಒಂದೊಂದು ಭಾಗವೂ ನಮ್ಮ ಮೈ-ಮನಸ್ಸಿನ ಭಾಗವೇ ಆಗಿದೆ. ಒಳಗೆ ತುಂಬಬೇಕಾದ್ದು ನಮ್ಮದೇ ಮೋಹ, ಸುಡಬೇಕಾದ್ದೂ ಅದೇ. ನಶೆಯ ಸಾಮಾನನ್ನೇ ನಶೆ ಇಳಿಸುವ ಸಾಮಾನು ಮಾಡಿದ್ದಾರೆ. ಇದು ಹುಕ್ಕಾದ ಹಾಡು ಅಂತ ಅಂದು ಪಿ.ಜಿ.ಯಲ್ಲಿ ನಾನು ಹೇಳಿದ್ದು ಅರ್ಧ ಸರಿ, ಅಂದರೆ ಪೂರ್ತಿ ತಪ್ಪು. ಈ ಹಾಡು ನಿಜವಾಗಿ ಒಂದು ವಿಧಾನ, ಪಾಕವಿಧಾನ ಅಂತೀವಲ್ಲ ಹಾಗೆ. ಮೊದಲು ಇದು, ಆಮೇಲೆ ಅದು, ನಿಧಾನ ಉಸಿರು ಎಳಕೋ. ಹಾಡು ಉಸಿರಿನ ಬಗ್ಗೆ ಇದೆ.

ರಘು ದೀಕ್ಷಿತ್ ಇದಕ್ಕೆ ತಾನೇ ರಾಗ ಹಾಕಿದರು, ಒಳ್ಳೆಯ ರಾಗ. ಒಂದು ಸಲ ಕೇಳಿದರೆ ವಾರಗಟ್ಟಲೆ ತಲೆಯಿಂದ ಹೋಗುವುದಿಲ್ಲ. ವಯೊಲಿನ್ನಿಗೂ ಗಿಟಾರಿಗೂ ನಡೆಯುವ ಜಗಳ ಸೊಗಸಾಗಿದೆ. ಆದರೆ ಹಾಡು ಮೊದಲ ನಿಮಿಷದಿಂದಲೇ ಓಡಲು ಶುರುಮಾಡುತ್ತದೆ. ಎಲ್ಲ ಶಕ್ತಿಯೂ ಹೊರಮುಖ. ಸ್ಟೇಜಿನ ಮೇಲೆ ಇನ್ನೂ ಹೆಚ್ಚು: ಕೈ ಎತ್ತಿ, ಕುಣಿಯಿರಿ, ನನ್ನ ಜೊತೆ ಹಾಡಿ. ಜನ ಹಾಡುತ್ತಾರೆ, ಕುಣಿಯುತ್ತಾರೆ, ಬೆವರುತ್ತಾರೆ. ನಾನೂ ಬೆವರಿದ್ದೇನೆ. ಒಂದು ಪದ ಒಳಗೆ ಎಳೆದುಕೋ ಅನ್ನುತ್ತಿದ್ದರೆ ಹಾಡುವ ರೀತಿ ಹೊರಗೆ ಬಿಡು ಅನ್ನುತ್ತಿದೆ. ಇದು ನನ್ನ ಮೊದಲನೇ ಆಕ್ಷೇಪ.

ಅದೇ ಆಲ್ಬಂನಲ್ಲಿ ಸೋರುವ ಮನೆಯ ಮಾಳಿಗೆಯ ಪದವೂ ಇದೆ. ಅದನ್ನು ಮಾತ್ರ ನಾನು ಬೇರೆ ಇಡುತ್ತೇನೆ. ಅಲ್ಲಿ ಅವರಿಗೆ ಅವಸರವಿಲ್ಲ. ಮನೆ ಸೋರುತ್ತಿದೆ, ಸರಿಮಾಡುವವರು ಯಾರೂ ಇಲ್ಲ ಅನ್ನುವ ದುಗುಡ ದನಿಯಲ್ಲೇ ಇದೆ, ಯಾರನ್ನೂ ಕುಣಿಸುವ ಜವಾಬ್ದಾರಿ ಇಲ್ಲದ ದನಿ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಕೆಳಗೆ ತಪೇಲಿ ಇಟ್ಟು ಮಲಗಿದವರಿಗೆ ಆ ಹಾಡು ಹೇಗೆ ನಾಟುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ್ದು ಇದನ್ನೇ. ಈ ದಾರಿಯಲ್ಲಿ ಅವರು ಇನ್ನೂ ಹತ್ತು ಹೆಜ್ಜೆ ಹೋಗಬೇಕಿತ್ತು ಅನ್ನಿಸುತ್ತದೆ.

ಹೋಗಲಿಲ್ಲ. 'ಜಗ್ ಚಂಗಾ' ಕೇಳಿದರೆ ಗೊತ್ತಾಗುತ್ತದೆ. ಆಲ್ಬಂ ಚೆನ್ನಾಗಿದೆ, ರೆಕಾರ್ಡಿಂಗು ಮೊದಲಿನದಕ್ಕಿಂತ ಶ್ರೀಮಂತ. 'ಲೋಕದ ಕಾಳಜಿ' ಕೇಳುತ್ತ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತರೂ ಸಿಟ್ಟು ಬರುವುದಿಲ್ಲ. ಲೋಕದ ಚಿಂತೆಯನ್ನೆಲ್ಲ ತಲೆ ಮೇಲೆ ಹೊರಬೇಡ ಅನ್ನುವ ಪದಕ್ಕೆ ಹಗುರ ನಡಿಗೆ ಒಪ್ಪುತ್ತದೆ. ನನ್ನ ದೂರು ಕೋಡಗನ ಕೋಳಿಯ ಪದದ ಮೇಲೆ. ಶಾಲೆಯಲ್ಲಿ ಇದನ್ನು ತಮಾಷೆ ಪದ್ಯದ ಹಾಗೆ ಹಾಡಿಸುತ್ತಿದ್ದರು. ಸಣ್ಣದು ದೊಡ್ಡದನ್ನು ನುಂಗುತ್ತದೆ, ವಸ್ತುವೊಂದು ತನ್ನ ಆಸರೆಯನ್ನೇ ನುಂಗುತ್ತದೆ, ಲೋಕದ ನಿಯಮ ಒಂದೊಂದೇ ತಲೆಕೆಳಗಾಗುತ್ತ ಹೋಗುತ್ತದೆ. ಕೊನೆಗೆ ನುಂಗುವ ಸರದಿ ಗುರುವಿನ ಪಾದಕ್ಕೆ ಬರುತ್ತದೆ. ಆ ಪಾದ ನುಂಗುವುದು ಯಾರನ್ನು? ಹಾಡುತ್ತಿರುವವನನ್ನು. ಅಲ್ಲಿಯವರೆಗೆ ನಗುತ್ತಿದ್ದವನಿಗೆ ನೆಲ ಜಾರಬೇಕು. ಹಾಡುವವನೇ ಇಲ್ಲವಾದ ಮೇಲೆ ಹಾಡು ಯಾರದು? ಈ ಗೋವಿಂದ ಭಟ್ಟರು ಎಂಬ ಬ್ರಾಹ್ಮಣ ಗುರು ಮತ್ತು ಶರೀಫ ಸಾಹೇಬರೆಂಬ ಮುಸಲ್ಮಾನ ಶಿಷ್ಯ, ಇಬ್ಬರ ಕಥೆಯೆಲ್ಲ ಆ ಒಂದು ನುಂಗುವಿಕೆಯಲ್ಲಿದೆ. ರಘು ಅವರ ಹಾಡಿಕೆಯಲ್ಲಿ ಕೋಳಿಗೂ ಗುರುವಿಗೂ ಒಂದೇ ವಾಲ್ಯೂಮು, ಒಂದೇ ಉತ್ಸಾಹ. ಪಾರ್ಟಿ ಕೊನೆಯವರೆಗೂ ಪಾರ್ಟಿಯಾಗಿಯೇ ಇರುತ್ತದೆ.

ಇದು ರಘು ಅವರೊಬ್ಬರ ತಪ್ಪೂ ಅಲ್ಲ. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಸಿನಿಮಾ ಮತ್ತು ಕ್ಯಾಸೆಟ್ಟುಗಳ ಮೂಲಕ ಶರೀಫರನ್ನು ನಮ್ಮ ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ಅವರೂ ಹಾಡಿಗೆ ನಾಟಕದ ಕಸುವು ತುಂಬಿದವರೇ. ಅವರದು ಗುಡುಗುವ ಗಂಟಲು. ಆದರೆ ಅಶ್ವತ್ಥ್ ಅವರಿಗೆ ಒಂದು ಕಲೆ ಗೊತ್ತಿತ್ತು, ಗುಡುಗಿದ ಮೇಲೆ ಮಳೆಗೆ ಜಾಗ ಬಿಡುವುದು. ದನಿ ಒಮ್ಮೆಲೇ ತಗ್ಗಿಸಿ ಒಂದು ಶಬ್ದವನ್ನು ಒಂಟಿಯಾಗಿ ನಿಲ್ಲಿಸುತ್ತಿದ್ದರು. ನಿಮ್ಮ ಅಪ್ಪನ ಹತ್ತಿರ ಹಳೆ ಕ್ಯಾಸೆಟ್ ಇದ್ದರೆ ಕೇಳಿ ನೋಡಿ. ಬೆಂಗಳೂರಿನ 'ಸ್ವರಾತ್ಮ' ಬ್ಯಾಂಡಿನಲ್ಲೂ ಆಗಾಗ ಈ ನಿಲ್ಲುವ ಗುಣ ಕಾಣಿಸುತ್ತದೆ, ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಇಲ್ಲಿ ಕಲ್ಯಾಣದ ಒಂದು ಹಳೇ ಕಥೆ ನೆನಪಾಗುತ್ತದೆ. ಸಂಗೀತಗಾರನ ಕಥೆಯೇ. ಹರಿಹರ ಕವಿ ಹೇಳುವ ಪ್ರಕಾರ ಅಲ್ಲಮ ಬಳ್ಳಿಗಾವಿಯ ದೇವಸ್ಥಾನದಲ್ಲಿ ಮದ್ದಳೆ ಬಾರಿಸುವವನು. ಕಮಲತೆ ಎಂಬವಳನ್ನು ಮೆಚ್ಚಿ ಮದುವೆಯಾದ. ಅವಳು ಜ್ವರ ಬಂದು ತೀರಿಕೊಂಡಳು. ಹುಚ್ಚನಂತೆ ಅಲೆಯುತ್ತ ಒಂದು ತೋಪಿನಲ್ಲಿ ಕೂತು ಕಾಲಿನ ಉಗುರಿನಿಂದ ನೆಲ ಕೆರೆದರೆ ಹೂತುಹೋದ ಗುಡಿಯ ಕಳಸ ಕಂಡಿತು. ಅಗೆಸಿ ಒಳಗೆ ಹೋದರೆ ಅನಿಮಿಷನೆಂಬ ಯೋಗಿ ಕೂತಿದ್ದ. ಹೊರಗೆ ಬಂದ ಅಲ್ಲಮ ತಿರುಗಿ ಮದ್ದಳೆ ಮುಟ್ಟಿದ ಅಂತ ಕಥೆ ಹೇಳುವುದಿಲ್ಲ. ಆಮೇಲೆ ಕಲ್ಯಾಣಕ್ಕೆ ಬಂದು ಶೂನ್ಯ ಪೀಠದಲ್ಲಿ ಕೂತು, ಇವತ್ತಿಗೂ ಪಂಡಿತರು ಬಿಡಿಸಲು ಒದ್ದಾಡುವ ಬೆಡಗಿನ ವಚನಗಳನ್ನು ಹೇಳಿದ. ಶರೀಫರ ಕೋಳಿ ಮೊಟ್ಟೆಯೊಡೆದು ಹೊರಬಂದದ್ದು ಆ ಗೂಡಿನಿಂದಲೇ. ಕಾಶಿಯ ಕಬೀರನ 'ಉಲಟ್‌ಬಾಂಸಿ'ಗಳೂ ದೂರದ ನೆಂಟರು. ಅಂದರೆ ಕನ್ನಡಕ್ಕೆ ಸೈಕೆಡೆಲಿಯಾ ಇಂಗ್ಲೆಂಡಿನಿಂದ ಬರಬೇಕಾಗಿರಲಿಲ್ಲ, ಗಿಟಾರಿನಿಂದಲೂ ಬರಬೇಕಾಗಿರಲಿಲ್ಲ. ಅದು ಮಾತಿನೊಳಗೇ ಇತ್ತು. ಸಂಗೀತಗಾರನ ಕೆಲಸ ಆ ಮಾತಿಗೆ ಅಡ್ಡ ಬರದಿರುವುದು.

ಹಾಗಂತ ಹಳೆಯದೆಲ್ಲ ಶುದ್ಧ, ಹೊಸದೆಲ್ಲ ಕಲಬೆರಕೆ ಅನ್ನುವ ಪಾರ್ಟಿಗೆ ನಾನು ಸೇರಿದವನಲ್ಲ. ಹುಮನಾಬಾದಿನವನಿಗೆ ಶುದ್ಧದ ಮಾತು ಆಡುವ ಹಕ್ಕೇ ಇಲ್ಲ. ಊರ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಹುಟ್ಟಿದ್ದು ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಪದ ಕಟ್ಟಿದ್ದು ಮರಾಠಿ, ಕನ್ನಡ, ಹಿಂದಿ, ಉರ್ದು ಎಲ್ಲದರಲ್ಲಿ. ದತ್ತ ಜಯಂತಿಯ ದರ್ಬಾರಿನಲ್ಲಿ ಹಿಂದುಸ್ತಾನಿಯ ದೊಡ್ಡ ದೊಡ್ಡ ಗವಾಯಿಗಳು ಬಂದು ಹಾಡುತ್ತಾರೆ. ನಮ್ಮಲ್ಲಿ ಮೊಹರಂ ಬಂದರೆ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುವವರು ಎಲ್ಲ ಜಾತಿಯವರೂ ಹೌದು. ಹಾಗಾಗಿ ಒಂದೇ ಸಿ.ಡಿ.ಯಲ್ಲಿ ಹಿಂದಿ, ಕನ್ನಡ, ಇಂಗ್ಲಿಷ್ ಇವೆ ಅಂತ ಬೆಂಗಳೂರಿನ ಪತ್ರಿಕೆಗಳು ಬೆರಗಾಗಿ 'ಫ್ಯೂಷನ್' ಅಂತ ಬರೆದಾಗ ನಮಗೇನೂ ವಿಶೇಷ ಅನ್ನಿಸಲಿಲ್ಲ. ಹುಮನಾಬಾದಿನ ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಳ್ಳುವಾಗಲೂ ಅಷ್ಟು ಭಾಷೆ ಬಳಕೆಯಾಗುತ್ತದೆ. ಗಿಟಾರು ಹೊರಗಿನದು ಅಂತ ತಕರಾರು ತೆಗೆದರೆ, ಕಾಕಾನ ಪೇಟಿಯೂ ಹಡಗಿನಲ್ಲಿ ಯುರೋಪಿನಿಂದ ಬಂದದ್ದೇ.

ನನ್ನ ತಕರಾರು ಸಮಯದ್ದು. ಸಿ.ಡಿ.ಗೆ ಐದಾರು ನಿಮಿಷ, ಟಿ.ವಿ.ಗೆ ಇನ್ನೂ ಕಮ್ಮಿ, ಫೆಸ್ಟಿವಲ್ಲಿಗೆ ಒಟ್ಟು ಮುಕ್ಕಾಲು ಗಂಟೆ. ಕರಿಯರ್ ಅನ್ನುವುದಕ್ಕೆ ಈ ಅಳತೆ ಬೇಕೇ ಬೇಕು. ಬೆಲ್ಜಿಯಂನಲ್ಲಿ ವಿಜ್ಞಾನಿ ಕೆಲಸ ಮಾಡಿ, ಅದನ್ನು ಬಿಟ್ಟು ಬಂದು, ಲೇಬಲ್ಲು ಸಿಗದೆ ವರ್ಷಗಟ್ಟಲೆ ಅಲೆದ ಮನುಷ್ಯನಿಗೆ, "ನೀನು ನಲವತ್ನಾಲ್ಕು ನಿಮಿಷ ಒಂದೇ ಸಾಲು ಹಾಡು" ಅಂತ ಇಎಂಐ ಕಟ್ಟುವ ನಾನು ಹೇಳುವುದು ಎಷ್ಟು ಸರಿ? ಇಂಗ್ಲೆಂಡಿನ ವಾಷ್ಟಿ ಬನಿಯನ್ 1970ರಲ್ಲಿ ಒಂದು ಆಲ್ಬಂ ಮಾಡಿದರು. ಪಿಸುಮಾತಿನಂಥ, ಯಾರ ಗಮನಕ್ಕೂ ಕೈ ಚಾಚದ ಹಾಡುಗಳು. ಯಾರೂ ಕೊಳ್ಳಲಿಲ್ಲ. ಆಕೆ ಹಾಡುವುದನ್ನೇ ಬಿಟ್ಟರು. ಎರಡನೇ ಆಲ್ಬಂ ಬಂದದ್ದು 2005ರಲ್ಲಿ, ಮೂವತ್ತೈದು ವರ್ಷದ ಮೇಲೆ. ಈಗ ಆ ಮೊದಲ ಆಲ್ಬಂ ಸೈಕೆಡೆಲಿಕ್ ಫೋಕಿನ ರತ್ನ ಅನ್ನುತ್ತಾರೆ. ಮೂವತ್ತೈದು ವರ್ಷ ಆಕೆಯ ಮನೆ ನಡೆಸಿದ್ದು ಆ ರತ್ನವಂತೂ ಅಲ್ಲ. ನಮ್ಮ ಕಾಕಾನೂ ನಲವತ್ತು ವರ್ಷದಿಂದ ಹಾಡುತ್ತಿದ್ದಾನೆ, ಅವನ ಸಂಸಾರ ನಡೆದದ್ದು ತೊಗರಿಯಿಂದ.

ಆದರೂ ಒಂದು ಪ್ರಶ್ನೆ ಬಿಡುವುದಿಲ್ಲ. ಗ್ಲಾಸ್ಟನ್‌ಬರಿ ಆಯಿತು, ಪ್ರಶಸ್ತಿ ಆಯಿತು, ಹಾಲ್ ತುಂಬುತ್ತದೆ. ಈಗ ಅವರು ಹದಿನೈದು ನಿಮಿಷದ ಒಂದು ಪದ ಹಾಡಿದರೆ ಯಾರು ಎದ್ದು ಹೋಗುತ್ತಾರೆ? ನಾವಂತೂ ಹೋಗುವುದಿಲ್ಲ. ಆ ಗಂಟಲಿಗೆ ಶ್ರುತಿಯ ಮೇಲೆ ಸುಮ್ಮನೆ ನಿಲ್ಲುವ ಶಕ್ತಿ ಇದೆ, ಹಾಡುಗಳ ಆಲಾಪದ ಸಣ್ಣ ಸಣ್ಣ ತುಣುಕುಗಳಲ್ಲಿ ಅದು ಮಿಂಚಿ ಮಾಯವಾಗುತ್ತದೆ. ಪ್ರತಿ ಸಲ ಡ್ರಮ್ಮು ಬಂದು ಅದನ್ನು ಎಬ್ಬಿಸಿಕೊಂಡು ಹೋಗುತ್ತದೆ. ಜನ ಬೋರಾಗುತ್ತಾರೆ ಅನ್ನುವ ಭಯ ಇಡೀ ಎರಡನೇ ಆಲ್ಬಂನ ಬೆನ್ನಿಗಿದೆ ಅಂತ ನನಗೆ ಅನ್ನಿಸುತ್ತದೆ. ಸೈಕೆಡೆಲಿಕ್ ಸಂಗೀತಕ್ಕೆ ಕೇಳುಗ ಸ್ವಲ್ಪ ಬೋರಾಗಲೇಬೇಕು. ಆರನೇ ಸಲದ ಬೇಜಾರು ದಾಟದೆ ಇಪ್ಪತ್ತನೇ ಸಲದ ಬಾಗಿಲು ತೆರೆಯುವುದಿಲ್ಲ.

ಭಜನಿ ಮುಗಿದ ಮರುದಿನ ಮಧ್ಯಾಹ್ನ ಕಾಕಾ ಕಟ್ಟೆ ಮೇಲೆ ಕೂತಿದ್ದ. ನಾನು ಇಯರ್‌ಫೋನ್ ಹಾಕಿಕೊಂಡಿದ್ದೆ.

"ಯಾನ್ ಕೇಳ್ಲತ್ತಿ ಅದು?"

"ನಿನ್ನ ಪದಾನೇ ಕಾಕಾ. ಬ್ಯಾರೆಯವರು ಹಾಡ್ಯಾರ."

ಅವನ ಕಿವಿಗೆ ಎರಡೂ ತುದಿ ಸಿಕ್ಕಿಸಿ ರಘು ದೀಕ್ಷಿತ್‌ರ ಗುಡುಗುಡಿ ಹಾಕಿದೆ. ಮೊದಲು ಬೆಚ್ಚಿದ. ಆಮೇಲೆ ತೊಡೆಯ ಮೇಲೆ ಬೆರಳು ಆಡಿತು. ವಯೊಲಿನ್ ಬಂದ ಕಡೆ ಕಣ್ಣು ಅಗಲ ಮಾಡಿ ತಲೆ ಹಾಕಿದ. ನನಗೆ ಪರೀಕ್ಷೆ ಫಲಿತಾಂಶ ಕಾಯುವಂತೆ ಆಗುತ್ತಿತ್ತು. ಹಾಡು ಮುಗಿಯಿತು. ಕಾಕಾ ಇನ್ನೂ ಬರಬಹುದು ಅಂತ ಕಾದ. ಬರಲಿಲ್ಲ.

"ಇಷ್ಟು ಲಗೂನೇ ಮುಗೀತಾ?"

"ಹೂಂ, ಇಷ್ಟೇ ಅದ."

"ಹುಡುಗಗ ದನಿ ಅದ ನೋಡು. ಛಲೋ ಹಾಡ್ಯಾನ." ಇಯರ್‌ಫೋನ್ ತೆಗೆದು ಮಡಿಚಿ ಕೊಟ್ಟ. ಆಮೇಲೆ ಎಲೆಯಡಿಕೆ ಚೀಲ ಬಿಚ್ಚುತ್ತ, "ಖರೇ, ಗುಡುಗುಡಿ ಸೇದೋರು ಎಲ್ಯಾರ ಹಿಂಗ್ ಗಡಿಬಿಡಿ ಮಾಡ್ತಾರೇನು?" ಅಂದ.

ಎರಡು ಸಾವಿರ ಪದ ಬರೆದು ನಾನು ಹೇಳಲು ಒದ್ದಾಡುತ್ತಿರುವುದನ್ನು ಅವನು ಅಡಿಕೆ ಕತ್ತರಿಸುವಷ್ಟರಲ್ಲಿ ಹೇಳಿದ. ಅಷ್ಟಕ್ಕೇ ಬಿಡಲೂ ಇಲ್ಲ. "ಇನ್ನೊಮ್ಮಿ ಹಚ್ಚು" ಅಂದ. ಮೂರು ಸಲ ಕೇಳಿದ. ಮೂರನೇ ಸಲಕ್ಕೆ ವಯೊಲಿನ್ನಿನ ಒಂದು ತಿರುವು ಬಾಯಲ್ಲಿ ಗುನುಗುತ್ತಿದ್ದ. ಮುಂದಿನ ಅಮಾಸಿಗೆ ಅದು ಪೇಟಿಯಲ್ಲಿ ಬಂದರೆ ನನಗೆ ಆಶ್ಚರ್ಯವಿಲ್ಲ. ಕದ್ದದ್ದು ಅಂತ ಯಾರೂ ಕೇಸು ಹಾಕದಿರಲಿ.

ಇನ್ನೊಂದು ಹೇಳಬೇಕು, ಇದೇ ನಿಜವಾಗಿ ಈ ಬರಹ ಬರೆಸಿದ್ದು. ಹೋದ ವರ್ಷ ನಮ್ಮ ಕಡೆಯ ಒಂದು ಜಾತ್ರೆಯ ಸ್ಟೇಜಿನಲ್ಲಿ ಮೇಳದವರನ್ನು ಕರೆದಿದ್ದರು. ಮೈಕು, ಬಣ್ಣದ ಲೈಟು, ಶಾಲು ಎಲ್ಲ ಇತ್ತು. ಒಬ್ಬೊಬ್ಬರಿಗೆ ಹತ್ತು ನಿಮಿಷ. ನಡೆಸಿಕೊಡುತ್ತಿದ್ದ ಹುಡುಗ ಒಳ್ಳೆಯವನೇ, ಕಾಕಾನ ಕಿವಿಯ ಹತ್ತಿರ ಬಂದು, "ಕಾಕಾ, ರಘು ದೀಕ್ಷಿತ್ ಹಾಡ್ತಾರಲ್ಲ, ಹಂಗ ಸ್ವಲ್ಪ ಫಾಸ್ಟ್ ಹಾಡ್ರಿ, ಜನ ಕುಣೀತಾರ" ಅಂದನಂತೆ. ಕಾಕಾ ಪದ ಶುರುಮಾಡಿದ. ಏಕತಾರಿ ಮೈಕಿಗೆ ಸಿಗಲಿಲ್ಲ. ನಾಲ್ಕನೇ ಸಲ ಅದೇ ಸಾಲು ಬಂದಾಗ ಹಿಂದಿನಿಂದ ಸೀಟಿ ಶುರುವಾಯಿತು. ಹತ್ತು ನಿಮಿಷಕ್ಕೆ ಬೆಲ್ಲು. ಇಳಿದು ಬಂದ ಮೇಲೆ ಶಾಲು ಹೊದಿಸಿದರು. ಅದಾದ ಮೇಲೆ ಆರ್ಕೆಸ್ಟ್ರಾದವರು ಮಾದೇಶ್ವರನ ಹಾಡು ಹಾಕಿದರು, ಜನ ಕುಣಿದರು. ರಘು ದೀಕ್ಷಿತ್‌ಗೆ ಈ ಯಾವುದೂ ಗೊತ್ತಿಲ್ಲ, ಅವರ ಪಾತ್ರವೂ ಇದರಲ್ಲಿ ಇಲ್ಲ. ಆದರೆ ಒಂದು ಪದ ಹೀಗೂ ಇರಬಹುದು ಅಂತ ತೋರಿಸಿದ ಹಾಡಿಕೆ, ಪದ ಹೀಗೇ ಇರಬೇಕು ಅನ್ನುವ ಅಳತೆಪಟ್ಟಿಯಾಗಲು ಕೆಲವೇ ವರ್ಷ ಸಾಕಾಯಿತು.

ಏಕತಾರಿ ಹಿಡಿಯುವ ಅಜ್ಜನಿಗೆ ಈಗ ಕೈ ನಡುಗುತ್ತದೆ. ಮೇಳದಲ್ಲಿ ಐವತ್ತಕ್ಕಿಂತ ಚಿಕ್ಕವರು ಯಾರೂ ಇಲ್ಲ. ಡಗ್ಗಾ ಬಾರಿಸುವವನ ಮಗ ಪುಣೆಯಲ್ಲಿದ್ದಾನೆ. ನಾನು ಬೆಂಗಳೂರಲ್ಲಿ.

ಆ ನಲವತ್ನಾಲ್ಕು ನಿಮಿಷದ ಫೈಲು ನನ್ನ ಮೊಬೈಲಿನಲ್ಲಿದೆ. ಆಫೀಸಿನಲ್ಲಿ ಮೂರು ಜನರ ಕಿವಿಗೆ ಹಾಕಿ ನೋಡಿದೆ. ಒಬ್ಬ ಎರಡು ನಿಮಿಷಕ್ಕೆ ತೆಗೆದ. ಒಬ್ಬಳು ಏಳು ನಿಮಿಷ ಕೇಳಿ, "ಟ್ರ್ಯಾಕ್ ಸ್ಟಕ್ ಆಗಿದೆ" ಅಂತ ಮೊಬೈಲು ತಿರುಗಿ ಕೊಟ್ಟಳು. ಮೂರನೆಯವನು ಟೆಸ್ಟಿಂಗ್ ಟೀಮಿನ ಕಾಸರಗೋಡಿನ ಹುಡುಗ. ಅವನು ಲಂಚಿಗೂ ಬರಲಿಲ್ಲ. ಸಂಜೆ ಬಂದು, ಇಪ್ಪತ್ತೈದನೇ ನಿಮಿಷದಲ್ಲಿ ಕೆಮ್ಮಿದ್ದು ಯಾರು ಅಂತ ಕೇಳಿದ. ನಾನೇ ಅಂದೆ. ಮುಂದಿನ ಅಮಾಸಿಗೆ ಅವನೂ ಬರುತ್ತಾನಂತೆ. ಇಬ್ಬರೂ ಶುಕ್ರವಾರ ರಜೆ ಹಾಕಿದ್ದೇವೆ, ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ.